ವಿದ್ಯಾರ್ಥಿಗಳ ಪ್ರಾಗ್‌ಗೆ ಶುಕ್ರವಾರದ ಬಸ್ಸು

1409ರಲ್ಲಿ ಪ್ರಾಗ್ ವಿಶ್ವವಿದ್ಯಾಲಯದಲ್ಲಿ ಮತದ ಲೆಕ್ಕಕ್ಕೆ ಜಗಳವಾಯಿತು. ಅಲ್ಲಿಯತನಕ ಬೊಹೀಮಿಯಾ, ಬವೇರಿಯಾ, ಸ್ಯಾಕ್ಸನಿ, ಪೋಲೆಂಡ್ ಕಡೆಯವರೆಂದು ನಾಲ್ಕು ಬಣಗಳಿದ್ದವು; ಒಂದೊಂದಕ್ಕೆ ಒಂದೊಂದು ಮತ. ರಾಜ ನಾಲ್ಕನೆಯ ವೆನ್ಸೆಸ್‌ಲಾಸ್ ಕುಟ್ನಾ ಹೋರಾ ಎಂಬ ಬೆಳ್ಳಿಗಣಿಯ ಊರಿನಿಂದ ಆಜ್ಞೆ ಹೊರಡಿಸಿ ಬೊಹೀಮಿಯಾದವರಿಗೆ ಮೂರು ಮತ ಕೊಟ್ಟ, ಉಳಿದ ಮೂರು ಬಣಗಳಿಗೆ ಸೇರಿಸಿ ಒಂದೇ ಮತ ಉಳಿಸಿದ. ಜರ್ಮನ್ ಅಧ್ಯಾಪಕರೂ ವಿದ್ಯಾರ್ಥಿಗಳೂ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಅವರಲ್ಲಿ ಹಲವರು ಲೈಪ್‌ಜಿಗ್ ಸೇರಿ ಅದೇ ವರ್ಷ ಅಲ್ಲೊಂದು ಹೊಸ ವಿಶ್ವವಿದ್ಯಾಲಯ ಶುರುಮಾಡಿದರು. ಜರ್ಮನಿಯ ಅತಿ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಒಂದು ಹುಟ್ಟಿದ್ದು ಹೀಗೆ, ಸಿಟ್ಟಿನಿಂದ.

ಈಗ ಅದೇ ದಾರಿಯಲ್ಲಿ ವಿದ್ಯಾರ್ಥಿಗಳು ಎದುರು ದಿಕ್ಕಿಗೆ ಹೊರಡುತ್ತಾರೆ, ಪ್ರತಿ ಶುಕ್ರವಾರ ಸಂಜೆ. ಲೈಪ್‌ಜಿಗ್, ಕೆಮ್ನಿಟ್ಸ್, ಡ್ರೆಸ್ಡೆನ್‌ಗಳಿಂದ ಪ್ರಾಗ್‌ಗೆ ಹೋಗುವ ಹಸಿರು, ಹಳದಿ ಬಸ್ಸುಗಳಲ್ಲಿ ಎರಡು ಸಾಲು ಹಿಂದಿನಿಂದ ಒಮ್ಮೊಮ್ಮೆ ಕನ್ನಡ ಕಿವಿಗೆ ಬೀಳುತ್ತದೆ. 'ಮಗಾ, ಪಾಸ್‌ಪೋರ್ಟ್ ತಂದಿದ್ದೀಯಾ ತಾನೆ?' ಎಂಬುದು ಸಾಮಾನ್ಯವಾಗಿ ಮೊದಲ ಪ್ರಶ್ನೆ. ಡ್ರೆಸ್ಡೆನ್‌ನಿಂದ ಪ್ರಾಗ್ ಸುಮಾರು 150 ಕಿ.ಮೀ.; ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟೇ. ನಡುವೆ ಒಂದು ದೇಶ ಮುಗಿದು ಇನ್ನೊಂದು ಶುರುವಾಗಿರುತ್ತದೆ, ಅಷ್ಟೆ.

2023–24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 49 ಸಾವಿರಕ್ಕೂ ಹೆಚ್ಚು. ಚೀನಾದವರನ್ನು ಹಿಂದಿಕ್ಕಿ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರೇ ದೊಡ್ಡ ಗುಂಪಾಗಿದ್ದಾರೆ. ಇವರಲ್ಲಿ ಎಂಜಿನಿಯರಿಂಗ್ ಓದುವವರೇ ಜಾಸ್ತಿ. ವೀಸಾ ಸಿಗಬೇಕಾದರೆ ವರ್ಷದ ಖರ್ಚಿಗೆಂದು 11,904 ಯೂರೊ 'ಬ್ಲಾಕ್ಡ್ ಅಕೌಂಟ್'ನಲ್ಲಿ ಇಟ್ಟು ತೋರಿಸಬೇಕು ಎಂಬ ಲೆಕ್ಕ 2024ರ ಸೆಪ್ಟೆಂಬರ್‌ನಿಂದ ನಡೆಯುತ್ತಿದೆ. ಅಲ್ಲಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೊ. ಬಾಡಿಗೆ, ಆರೋಗ್ಯ ವಿಮೆ, ದಿನಸಿ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿಯಿದೆ. ಗೋದಾಮಿನಲ್ಲಿ ಡಬ್ಬ ಜೋಡಿಸಿಯೋ ಪ್ರೊಫೆಸರರ ಲ್ಯಾಬಿನಲ್ಲಿ ಸಹಾಯಕನಾಗಿಯೋ ದುಡಿದ ದುಡ್ಡಿನಿಂದ ಇಂಥ ಪ್ರವಾಸಗಳು ಹೊರಡುತ್ತವೆ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳೂ ತೆರೆದಿರುವುದಿಲ್ಲ. ಹಂಚಿಕೊಂಡ ಮನೆಯಲ್ಲಿ, ಇವರ ಬಾಯಲ್ಲಿ 'ಡಬ್ಲ್ಯುಜಿ'ಯಲ್ಲಿ, ಬಟ್ಟೆ ಒಗೆದು ಗೋಡೆ ನೋಡುತ್ತ ಕೂರುವುದಕ್ಕಿಂತ ಬಸ್ಸು ಹತ್ತುವುದು ವಾಸಿ.

ವೀಸಾದ ತಲೆನೋವಿಲ್ಲ ಎಂಬುದು ಇನ್ನೊಂದು ಅನುಕೂಲ. ಚೆಕ್ ಗಣರಾಜ್ಯ 2004ರಲ್ಲಿ ಐರೋಪ್ಯ ಒಕ್ಕೂಟಕ್ಕೆ, 2007ರ ಡಿಸೆಂಬರ್‌ನಲ್ಲಿ ಷೆಂಗೆನ್ ವಲಯಕ್ಕೆ ಸೇರಿತು. ಜರ್ಮನಿಯ ವಾಸದ ಪರವಾನಗಿ ಇದ್ದವರು 180 ದಿನಗಳಲ್ಲಿ 90 ದಿನಗಳ ತನಕ ಅಲ್ಲಿ ಸುತ್ತಬಹುದು. ನಾಣ್ಯ ಮಾತ್ರ ಬೇರೆ. ಅಲ್ಲಿ ಇಂದಿಗೂ ಯೂರೊ ಅಲ್ಲ, ಕೊರುನಾ. ಮೋಸದ ಮೊದಲ ಬಾಗಿಲು ತೆರೆಯುವುದೂ ಇಲ್ಲೇ. ಹಳೆಯ ಪೇಟೆಯ ಸುತ್ತಮುತ್ತ ಹಣ ಬದಲಿಸಿಕೊಡುವ ಕೆಲವು ಕಟ್ಟೆಗಳಲ್ಲಿ ದರ ಎಷ್ಟು ಕೆಟ್ಟದಾಗಿತ್ತೆಂದರೆ ಸರ್ಕಾರವೇ ಕಾನೂನು ತರಬೇಕಾಯಿತು. 2019ರ ಏಪ್ರಿಲ್‌ನಿಂದ, ಸಾವಿರ ಯೂರೊವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದುಮಾಡಿ ಹಣ ವಾಪಸ್ ಕೇಳುವ ಹಕ್ಕು ಗ್ರಾಹಕನಿಗಿದೆ. ರಸೀದಿ ಇಟ್ಟುಕೊಂಡಿರಬೇಕು. ಅದಕ್ಕಿಂತ ಸುಲಭದ ದಾರಿ, ಎಲ್ಲೆಡೆ ಕಾರ್ಡಿನಲ್ಲೇ ಕೊಡುವುದು.

ಶನಿವಾರ ಬೆಳಿಗ್ಗೆ ಎಲ್ಲರೂ ಮೊದಲು ಹೋಗಿ ನಿಲ್ಲುವುದು ಹಳೆಯ ಪುರಭವನದ ಗಡಿಯಾರದ ಮುಂದೆ. ಗಂಟೆಯಾಗಲು ಹತ್ತು ನಿಮಿಷವಿರುವಾಗಲೇ ಜನ ಒತ್ತೊತ್ತಾಗಿ ನಿಂತು ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಕಿಟಕಿ ತೆರೆದು ಏಸುವಿನ ಹನ್ನೆರಡು ಶಿಷ್ಯರು ಒಬ್ಬೊಬ್ಬರಾಗಿ ಮುಖ ತೋರಿಸಿ ಹೋಗುತ್ತಾರೆ, ಚಿನ್ನದ ಬಣ್ಣದ ಹುಂಜ ಕೂಗುತ್ತದೆ, ಗಂಟೆ ಬಡಿಯುತ್ತದೆ. ಒಂದು ನಿಮಿಷವೂ ಹಿಡಿಯುವುದಿಲ್ಲ. 'ಇಷ್ಟೇನಾ?' ಎಂದು ಗುಂಪು ಚದುರುತ್ತದೆ.

ನಿಜಕ್ಕೂ ನೋಡಬೇಕಾದದ್ದು ಗೊಂಬೆಗಳನ್ನಲ್ಲ, ಅವುಗಳ ನಡುವಿನ ಮುಖಫಲಕವನ್ನು. 1410ರ ಈ ಯಂತ್ರವನ್ನು ಕಟ್ಟಿದವನು ಕಡಾನ್ ಊರಿನ ಮಿಕುಲಾಶ್ ಎಂಬ ಗಡಿಯಾರದವನು. ಲೆಕ್ಕಾಚಾರಕ್ಕೆ ನೆರವಾದವನು ವಿಶ್ವವಿದ್ಯಾಲಯದ ಖಗೋಳಜ್ಞ ಯಾನ್ ಶಿಂಡೆಲ್ ಎನ್ನುತ್ತಾರೆ. ಜರ್ಮನರು ಬಿಟ್ಟುಹೋದ ಮರುವರ್ಷವೇ ಇದು! ಹನುಶ್ ಎಂಬ ಕುಶಲಕರ್ಮಿ ಇದನ್ನು ಮಾಡಿದ, ಇಂಥದ್ದು ಬೇರೆಲ್ಲೂ ಆಗಬಾರದೆಂದು ನಗರದ ಹಿರಿಯರು ಅವನ ಕಣ್ಣು ಕೀಳಿಸಿದರು ಎಂದು ಗೈಡುಗಳು ಹೇಳುವುದು ಕಟ್ಟುಕತೆ. ಕತೆ ಚೆನ್ನಾಗಿದೆ, ಹಾಗಾಗಿ ಸಾಯುವುದಿಲ್ಲ.

ಫಲಕದ ಹೊರಬಳೆಯಲ್ಲಿರುವುದು ಹಳೆಯ ಬೊಹೀಮಿಯಾದ ಕಾಲಮಾನ. ಅಲ್ಲಿ ದಿನ ಶುರುವಾಗುತ್ತಿದ್ದದ್ದು ಸೂರ್ಯಾಸ್ತದಿಂದ. ನಮ್ಮ ಪಂಚಾಂಗದ ದಿನ ಸೂರ್ಯೋದಯದಿಂದ. ಒಳಗಿನ ಸಣ್ಣ ಬಳೆಯಲ್ಲಿ ಹನ್ನೆರಡು ರಾಶಿಗಳಿವೆ. ಮೇಷ, ವೃಷಭ, ಮಿಥುನ ಎಂದು ಹೇಳಿಕೊಂಡು ಬೆಳೆದವರು ಆ ಚಿಹ್ನೆಗಳನ್ನು ಯಾರ ನೆರವೂ ಇಲ್ಲದೆ ಗುರುತಿಸಬಲ್ಲರು. ಆದರೆ ಲೆಕ್ಕ ತಾಳೆಯಾಗುವುದಿಲ್ಲ. ಜನವರಿ ಮಧ್ಯದಲ್ಲಿ ನಮ್ಮಲ್ಲಿ ಸೂರ್ಯ ಮಕರಕ್ಕೆ ಕಾಲಿಡುವ ಹೊತ್ತಿಗೆ ಪ್ರಾಗ್‌ನ ಸೂರ್ಯ ಆ ರಾಶಿಯ ಬಹುಭಾಗ ದಾಟಿರುತ್ತಾನೆ. ಅವರದು ಋತುಚಕ್ರ ಹಿಡಿದು ಎಣಿಸುವ ಸಾಯನ ಪದ್ಧತಿ, ಡಿಸೆಂಬರ್ 21ರ ಆಸುಪಾಸಿನಲ್ಲೇ ಮಕರ ಶುರು, ನಮ್ಮದು ನಕ್ಷತ್ರ ಹಿಡಿದು ಎಣಿಸುವ ನಿರಯನ. ಎರಡರ ನಡುವೆ ಈಗ ಸುಮಾರು 24 ಡಿಗ್ರಿ ಅಂತರ. ಗಡಿಯಾರದ ಮುಂದೆ ಇದನ್ನು ಗೆಳೆಯರಿಗೆ ಬಿಡಿಸಿ ಹೇಳುವವರು ಒಬ್ಬರಿದ್ದರೂ ಹುಂಜ ಕೂಗಿದ ಮೇಲೆ ಹತ್ತು ನಿಮಿಷ ಅಲ್ಲೇ ನಿಲ್ಲಬಹುದು, ಆ ಹೊತ್ತಿಗೆ ಜಾಗವೂ ಖಾಲಿಯಾಗಿರುತ್ತದೆ.

ಅದೇ ಪುರಭವನದ ಪಕ್ಕ, ಕಾಲಡಿಯ ಕಲ್ಲುಹಾಸಿನಲ್ಲಿ 27 ಬಿಳಿ ಶಿಲುಬೆಗಳಿವೆ. ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ವಿರುದ್ಧ ದಂಗೆಯೆದ್ದ 27 ಮಂದಿಯನ್ನು 1621ರ ಜೂನ್ 21ರಂದು ಕೊಂದ ಜಾಗ ಅದು. ಅವರಲ್ಲಿ ಒಬ್ಬರು ಯಾನ್ ಯೆಸೆನಿಯಸ್, ವೈದ್ಯರು, ಆಗಿನ ವಿಶ್ವವಿದ್ಯಾಲಯದ ರೆಕ್ಟರ್. ಐಸ್‌ಕ್ರೀಂ ಹಿಡಿದವರು ಆ ಶಿಲುಬೆಗಳನ್ನು ತುಳಿದುಕೊಂಡೇ ಹೋಗುತ್ತಾರೆ. ಚೌಕದ ಮಧ್ಯೆ ಎತ್ತರಕ್ಕೆ ನಿಂತಿರುವುದು ಧರ್ಮಸುಧಾರಕ ಯಾನ್ ಹುಸ್‌ನ ಸ್ಮಾರಕ. 1409ರ ಗಲಾಟೆಯ ನಂತರ ಇದೇ ಹುಸ್ ರೆಕ್ಟರ್ ಆದ. 1415ರಲ್ಲಿ ಚರ್ಚು ಅವನನ್ನು ಧರ್ಮದ್ರೋಹಿ ಎಂದು ಜೀವಂತ ಸುಡಿಸಿತು.

ಚಾರ್ಲ್ಸ್ ಸೇತುವೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1357ರಲ್ಲಿ ಅಡಿಗಲ್ಲು, 516 ಮೀಟರ್ ಉದ್ದ, 30 ಪ್ರತಿಮೆಗಳು, ಅವುಗಳಲ್ಲಿ ಎಷ್ಟೋ ಈಗ ನಕಲು. ಮೂಲಗಳನ್ನು ಮಳೆಗಾಳಿಯಿಂದ ಕಾಪಾಡಲು ಒಳಗೆ ಸಾಗಿಸಿದ್ದಾರೆ. ಬೆಳಿಗ್ಗೆ ಆರೂವರೆಗೆ ಹೋದವರಿಗೆ ಸೇತುವೆ ಸಿಗುತ್ತದೆ, ಹನ್ನೊಂದಕ್ಕೆ ಹೋದವರಿಗೆ ಜನರ ಬೆನ್ನು.

ಕೋಟೆಗೆ ಹತ್ತಲು 22ನೇ ನಂಬರಿನ ಟ್ರಾಮ್ ಇದೆ. ಅಂಗಳಗಳಿಗೆ ಟಿಕೆಟ್ ಬೇಡ. ಅರಮನೆ, ಪ್ರಾರ್ಥನಾ ಮಂದಿರಗಳನ್ನು ನೋಡಲು ಮಾತ್ರ ಟಿಕೆಟ್, 26 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ರಿಯಾಯಿತಿ. ಒಳಗಿನ ಸೇಂಟ್ ವೀಟಸ್ ಮಹಾಮಂದಿರದ ಕೆಲಸ 1344ರಲ್ಲಿ ಆರಂಭವಾಗಿ ಮುಗಿದದ್ದು 1929ರಲ್ಲಿ. ನಡುವೆ ಯುದ್ಧ, ಬೆಂಕಿ, ದುಡ್ಡಿನ ಕೊರತೆ ಎಲ್ಲ ಬಂದುಹೋದವು. ಹೆಬ್ಬಾಗಿಲ ಕಾವಲುಗಾರರ ನೀಲಿ ಸಮವಸ್ತ್ರ ನಾಟಕದ ವೇಷದಂತೆ ಕಂಡರೆ ಅದಕ್ಕೆ ಕಾರಣವಿದೆ. 1989ರ ಕ್ರಾಂತಿಯ ಬಳಿಕ ಅಧ್ಯಕ್ಷರಾದ ನಾಟಕಕಾರ ವಾಟ್ಸ್‌ಲಾವ್ ಹಾವೆಲ್ ಅದನ್ನು ಹೊಲಿಸಿದ್ದು 'ಅಮಾಡಿಯಸ್' ಸಿನಿಮಾದ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಪಡೆದ ಥಿಯೊಡೊರ್ ಪಿಷ್ಟೆಕ್ ಕೈಯಲ್ಲಿ.

ಗಡಿಯಾರ, ಸೇತುವೆ, ಕೋಟೆ. ವಾರಾಂತ್ಯದ ಗುಂಪುಗಳಲ್ಲಿ ಬಹುಪಾಲು ಇಷ್ಟಕ್ಕೆ ನಿಲ್ಲುತ್ತವೆ. ಆಮೇಲೆ ಊಟ, ಬಿಯರು, ಫೋಟೊ. ವಿದ್ಯಾರ್ಥಿಗಳಾಗಿ ಹೋಗಿ ವಿದ್ಯಾರ್ಥಿಗಳ ಪ್ರಾಗ್ ನೋಡದೆ ಬರುವುದು ಮಾತ್ರ ದೊಡ್ಡ ನಷ್ಟ. ಯುರೋಪಿನ ಬೇರೆ ರಾಜಧಾನಿಗಳ ಕತೆಯನ್ನು ರಾಜರು, ಸೇನಾಪತಿಗಳನ್ನು ಹಿಡಿದು ಹೇಳಬಹುದು. ಪ್ರಾಗ್‌ನ ಕತೆಯನ್ನು, ಅದರಲ್ಲೂ ಕಳೆದ ಶತಮಾನದ ಕತೆಯನ್ನು, ವಿದ್ಯಾರ್ಥಿಗಳನ್ನು ಬಿಟ್ಟು ಹೇಳಲು ಬರುವುದೇ ಇಲ್ಲ.

ಹಳೆಯ ಚೌಕದಿಂದ ಐದು ನಿಮಿಷ ನಡೆದರೆ ಕರೊಲಿನುಮ್. ನಾಲ್ಕನೆಯ ಚಾರ್ಲ್ಸ್ 1348ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯದ ಹಳೆಯ ಕಟ್ಟಡ. ಪಕ್ಕದಲ್ಲೇ ಮೊಜಾರ್ಟ್‌ನ 'ಡಾನ್ ಜೊವಾನಿ' 1787ರಲ್ಲಿ ಮೊದಲ ಬಾರಿಗೆ ರಂಗಕ್ಕೆ ಬಂದ ನಾಟಕಶಾಲೆ ಇರುವುದರಿಂದ ಜನ ಅದರ ಫೋಟೊ ತೆಗೆದು ಇದನ್ನು ಬಿಟ್ಟುಹೋಗುತ್ತಾರೆ. ಕಳೆದ ಶತಮಾನದ ವಿದ್ಯಾರ್ಥಿಗಳ ಕತೆಗೆ ಬಂದರೆ, 1939ರ ಅಕ್ಟೋಬರ್ 28ರಂದು, ನಾಜಿಗಳ ಹಿಡಿತದಲ್ಲಿದ್ದ ಪ್ರಾಗ್‌ನಲ್ಲಿ ಸ್ವಾತಂತ್ರ್ಯ ದಿನದ ಮೆರವಣಿಗೆಯ ಮೇಲೆ ಗುಂಡು ಹಾರಿತು. ಯಾನ್ ಒಪ್ಲೆಟಲ್ ಎಂಬ ವೈದ್ಯಕೀಯ ವಿದ್ಯಾರ್ಥಿಗೆ ಗುಂಡು ತಗುಲಿ ಅವನು ನವೆಂಬರ್ 11ರಂದು ತೀರಿಕೊಂಡ. ಅವನ ಅಂತ್ಯಯಾತ್ರೆಯೇ ಇನ್ನೊಂದು ಪ್ರತಿಭಟನೆಯಾಯಿತು. ನವೆಂಬರ್ 17ರ ನಸುಕಿನಲ್ಲಿ ನಾಜಿಗಳು ಹಾಸ್ಟೆಲುಗಳಿಗೆ ನುಗ್ಗಿದರು. ಒಂಬತ್ತು ಮಂದಿಯನ್ನು ವಿಚಾರಣೆಯಿಲ್ಲದೆ ಕೊಂದರು, 1,200ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಬರ್ಲಿನ್ ಬಳಿಯ ಸಾಕ್ಸನ್‌ಹೌಸನ್ ಶಿಬಿರಕ್ಕೆ ಸಾಗಿಸಿದರು, ಚೆಕ್ ವಿಶ್ವವಿದ್ಯಾಲಯಗಳಿಗೆಲ್ಲ ಬೀಗ ಹಾಕಿದರು. ನವೆಂಬರ್ 17 ಅಂತರರಾಷ್ಟ್ರೀಯ ವಿದ್ಯಾರ್ಥಿ ದಿನವಾದದ್ದು ಹೀಗೆ.

ಮೂವತ್ತು ವರ್ಷಗಳಾಗುವ ಮೊದಲೇ ಈ ಬಾರಿ ಪೂರ್ವದಿಂದ ಟ್ಯಾಂಕುಗಳು ಬಂದವು. 1968ರ ಆಗಸ್ಟಿನಲ್ಲಿ ಸೋವಿಯತ್ ನೇತೃತ್ವದ ಸೇನೆಗಳು ಚೆಕೊಸ್ಲೊವಾಕಿಯಾದ ಸುಧಾರಣೆಗಳನ್ನು ಹೊಸಕಿ ಹಾಕಿದವು. ಜನ ನಿಧಾನವಾಗಿ ಒಗ್ಗಿಕೊಳ್ಳತೊಡಗಿದರು. ಆ ಒಗ್ಗಿಕೊಳ್ಳುವಿಕೆಯನ್ನು ಪ್ರತಿಭಟಿಸಿ 1969ರ ಜನವರಿ 16ರಂದು ಚಾರ್ಲ್ಸ್ ವಿಶ್ವವಿದ್ಯಾಲಯದ ಇಪ್ಪತ್ತರ ಹರೆಯದ ಯಾನ್ ಪಲಾಖ್ ವೆನ್ಸೆಸ್‌ಲಾಸ್ ಚೌಕದ ಮೇಲ್ತುದಿಯಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ. ಮೂರು ದಿನಗಳ ಬಳಿಕ ಸತ್ತ. ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮುಂದಿನ ಕಲ್ಲುಹಾಸಿನಲ್ಲಿ, ನೆಲದಿಂದ ಉಬ್ಬಿದಂತೆ ಒಂದು ಕಂಚಿನ ಶಿಲುಬೆ ಮಲಗಿದೆ. ಅದು ಅವನಿಗೂ, ಮರುತಿಂಗಳು ಅದೇ ದಾರಿ ಹಿಡಿದ ಯಾನ್ ಜಾಯಿಟ್ಸ್ ಎಂಬ ಇನ್ನೊಬ್ಬ ವಿದ್ಯಾರ್ಥಿಗೂ ಸಂದದ್ದು. ನೆಲಕ್ಕೆ ಅಂಟಿಕೊಂಡಿರುವುದರಿಂದ ಹುಡುಕದವರಿಗೆ ಕಾಣುವುದಿಲ್ಲ.

ಇನ್ನು 1989. ನವೆಂಬರ್ 17ಕ್ಕೆ ಸರಿಯಾಗಿ ಐವತ್ತು ವರ್ಷ. ಒಪ್ಲೆಟಲ್‌ನ ನೆನಪಿಗೆ ವಿದ್ಯಾರ್ಥಿಗಳು ಅಲ್ಬೆರ್ಟೊವ್‌ನಲ್ಲಿ ಸೇರಿದರು. ಮೆರವಣಿಗೆಗೆ ಅನುಮತಿ ಇದ್ದದ್ದು ವಿಶೆಹ್ರಾದ್ ಗುಡ್ಡದ ತನಕ. ಅವರು ಅಲ್ಲಿಗೆ ನಿಲ್ಲಲಿಲ್ಲ, ನದಿಯ ದಂಡೆ ಹಿಡಿದು ಊರೊಳಗೆ ಹೊರಟರು. ನಾರೊದ್ನಿ ಬೀದಿಯಲ್ಲಿ ಪೊಲೀಸರು ಎರಡೂ ಕಡೆಯಿಂದ ಅಡ್ಡಗಟ್ಟಿ ಹೊಡೆದರು. ಒಬ್ಬ ವಿದ್ಯಾರ್ಥಿ ಸತ್ತನೆಂಬ ಸುದ್ದಿ ಹಬ್ಬಿತು. ಅದು ಸುಳ್ಳಾಗಿತ್ತು, ಆದರೆ ಆ ಸುಳ್ಳಿಗೆ ಊರಿಗೆ ಊರೇ ಎದ್ದಿತು. ನಾಟಕಶಾಲೆಗಳು ಮುಷ್ಕರ ಹೂಡಿದವು, ಚೌಕಗಳಲ್ಲಿ ಲಕ್ಷಗಟ್ಟಲೆ ಜನ ಕೀಲಿಕೈ ಗೊಂಚಲು ಅಲ್ಲಾಡಿಸುತ್ತ ನಿಂತರು. ಡಿಸೆಂಬರ್ 29ರಂದು, ಅದೇ ವರ್ಷ ಕೆಲಕಾಲ ಜೈಲಿನಲ್ಲಿದ್ದ ಹಾವೆಲ್ ದೇಶದ ಅಧ್ಯಕ್ಷರಾಗಿ ಆಯ್ಕೆಯಾದರು. ನಾರೊದ್ನಿಯ ಒಂದು ಕಮಾನಿನ ಕೆಳಗೆ, ಗೋಡೆಯಲ್ಲಿ ಮೇಲೆತ್ತಿದ ಕೈಗಳ ಕಂಚಿನ ಫಲಕವೊಂದಿದೆ. ಅದರಲ್ಲಿ ತಾರೀಕು ಮಾತ್ರ. ಕೋಟೆಗೆ ಹೋಗುವ ಅದೇ 22ನೇ ಟ್ರಾಮ್ ಇದೇ ಬೀದಿಯಲ್ಲಿ ಸಾಗುತ್ತದೆ.

ನಾರೊದ್ನಿ ಮುಗಿಯುವಲ್ಲಿ ವ್ಲ್ತಾವಾ ನದಿ. ದಂಡೆಗುಂಟ ದಕ್ಷಿಣಕ್ಕೆ ನಡೆದರೆ 'ಕುಣಿಯುವ ಮನೆ' ಎಂಬ ಸೊಟ್ಟ ಕಟ್ಟಡ, ಫ್ರಾಂಕ್ ಗೆಹ್ರಿ ಮತ್ತು ವ್ಲಾಡೊ ಮಿಲುನಿಚ್ ವಿನ್ಯಾಸ, 1996ರಲ್ಲಿ ಪೂರ್ಣಗೊಂಡದ್ದು. ಸೆಲ್ಫಿಗೆ ಒಳ್ಳೆಯ ಜಾಗ. ಅಲ್ಲಿ ಖಾಲಿ ನಿವೇಶನ ಹೇಗೆ ಬಂತು ಎಂದು ಕೇಳಿದರೆ ಉತ್ತರ ಡ್ರೆಸ್ಡೆನ್‌ಗೆ ಹೋಗಿ ಮುಟ್ಟುತ್ತದೆ. 1945ರ ಫೆಬ್ರುವರಿ 14ರಂದು ಡ್ರೆಸ್ಡೆನ್ ಮೇಲೆ ಬಾಂಬು ಹಾಕಲು ಹೊರಟ ಅಮೆರಿಕದ ಕೆಲವು ವಿಮಾನಗಳು ದಾರಿ ತಪ್ಪಿ ಪ್ರಾಗ್ ಮೇಲೆ ಬಾಂಬು ಸುರಿಸಿದವು. ಸುಮಾರು 700 ಜನ ಸತ್ತರು. ಆಗ ನೆಲಸಮವಾದ ಮನೆಯೊಂದರ ಜಾಗದಲ್ಲೇ ಈ ಕಟ್ಟಡ ನಿಂತಿದೆ. ಪಕ್ಕದ ಮನೆ ಹಾವೆಲ್ ಕುಟುಂಬದ್ದು.

ಕನ್ನಡಿಗರಿಗೆ ಪ್ರಾಗ್‌ನಲ್ಲಿ ನೆಂಟಸ್ತಿಕೆ ಹುಡುಕಲು ಕಷ್ಟವಿಲ್ಲ. ವೆನ್ಸೆಸ್‌ಲಾಸ್ ಚೌಕದಲ್ಲಿ 1929ರ ಗಾಜಿನ ಕಟ್ಟಡವೊಂದರ ಮೇಲೆ ಕೆಂಪು ಅಕ್ಷರಗಳಲ್ಲಿ 'ಬಾಟಾ' ಎಂದಿದೆ. ಶಾಲೆಯ ಕಪ್ಪು ಬೂಟು ಕೊಂಡ ಕಂಪನಿ ನಮ್ಮದೇ ಎಂದು ನಂಬಿ ಬೆಳೆದವರು ಅದರ ಮುಂದೆ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಅದು 1894ರಲ್ಲಿ ಈ ದೇಶದ ಜ್ಲೀನ್ ಊರಿನಲ್ಲಿ ಹುಟ್ಟಿದ್ದು. ಮೈಸೂರಿನವರ ಹಕ್ಕು ಇನ್ನೂ ಗಟ್ಟಿ. 1929ರಲ್ಲಿ ಪ್ರಾಗ್‌ನಲ್ಲಿ ಶುರುವಾದ ಜಾವಾ ಮೋಟಾರ್ ಸೈಕಲ್ 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಯಿತು, ಆಮೇಲೆ ಯೆಜ್ದಿಯಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಪ್ಪನ ಜಾವಾದ ಟ್ಯಾಂಕಿನ ಮೇಲೆ ಕೂತು ಬೆಳೆದವರು ಲೆಟ್ನಾ ಗುಡ್ಡದ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಡಬೇಕು. ಎತ್ತರದ ಹಜಾರದಲ್ಲಿ ಹಳೆಯ ರೈಲು, ಕಾರು, ವಿಮಾನ, ಬೈಕುಗಳು ಅಂತಸ್ತು ಅಂತಸ್ತಾಗಿ ನಿಂತಿವೆ. ನಮ್ಮ ನವ್ಯದವರ ಬಾಯಲ್ಲಿ ಕಾಮುವಿನ ಜೊತೆ ಸದಾ ಇರುತ್ತಿದ್ದ ಕಾಫ್ಕಾ ಹುಟ್ಟಿದ್ದೂ ಹಳೆಯ ಚೌಕದ ಪಕ್ಕದಲ್ಲೇ, 1883ರಲ್ಲಿ.

ಯೆಹೂದಿ ಬಡಾವಣೆ ಯೋಸೆಫೊವ್ ಅನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಕು. ಶನಿವಾರ ಸಬ್ಬತ್, ಅಲ್ಲಿನ ವಸ್ತುಸಂಗ್ರಹಾಲಯ ತೆರೆಯುವುದಿಲ್ಲ. ಇದು ತಿಳಿಯದೆ ಬಾಗಿಲವರೆಗೆ ಬಂದು ಮರಳುವವರು ಪ್ರತಿವಾರ ಇರುತ್ತಾರೆ. ಪಿಂಕಸ್ ಪ್ರಾರ್ಥನಾ ಮಂದಿರದ ಗೋಡೆಗಳ ಮೇಲೆ, ನಾಜಿಗಳು ಕೊಂದ ಬೊಹೀಮಿಯಾ ಮತ್ತು ಮೊರಾವಿಯಾದ ಸುಮಾರು 78 ಸಾವಿರ ಯೆಹೂದಿಗಳ ಹೆಸರುಗಳನ್ನು ಕೈಯಿಂದ ಬರೆದಿದ್ದಾರೆ. ಅಲ್ಲಿ ಎಂಥ ಗಲಾಟೆಯ ಗುಂಪೂ ತಾನಾಗಿ ದನಿ ತಗ್ಗಿಸುತ್ತದೆ.

ಊಟದ ಮಾತು. ಸಸ್ಯಾಹಾರಿಗಳಿಗೆ ಪ್ರಾಗ್ ಅಷ್ಟೇನೂ ಕಠಿಣವಲ್ಲ. ಬ್ರೆಡ್ಡಿನ ಪುಡಿ ಸವರಿ ಕರಿದ ಚೀಸ್, ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ದೋಸೆಯಂಥ ಬ್ರಾಂಬೊರಾಕ್ ಎಲ್ಲೆಡೆ ಸಿಗುತ್ತವೆ. ಬ್ರಾಂಬೊರಾಕ್‌ಗೆ ಮೊಟ್ಟೆ ಹಾಕುವುದುಂಟು, ಕೇಳಿ ತಿನ್ನಬೇಕು. ಬೀದಿ ಬೀದಿಯಲ್ಲಿ ಕೆಂಡದ ಮೇಲೆ ತಿರುಗಿಸಿ ಸುಡುವ, ಸಕ್ಕರೆಯಲ್ಲಿ ಹೊರಳಿಸಿದ ಟ್ರ್‌ದೆಲ್ನಿಕ್ ಎಂಬ ಸುರುಳಿ ಸಿಹಿಯನ್ನು 'ಹಳೆಯ ಬೊಹೀಮಿಯಾದ ಸಂಪ್ರದಾಯ' ಎಂದು ಮಾರುತ್ತಾರೆ. ಪ್ರಾಗ್‌ನ ಹಿರಿಯರು ತಮ್ಮ ಬಾಲ್ಯದಲ್ಲಿ ಅದನ್ನು ಕಂಡವರಲ್ಲ. ಅದರ ಬೇರು ಸ್ಲೊವಾಕಿಯಾ, ಹಂಗೇರಿಗಳ ಕಡೆಯದು, ಪ್ರಾಗ್‌ನಲ್ಲಿ ಅದು ಪ್ರವಾಸಿಗರಿಗಾಗಿ ಬಂದ ತಿಂಡಿ. ರುಚಿಗೆ ಅಡ್ಡಿಯಿಲ್ಲ, ಬೆಲೆಗೆ ಇದೆ. ಅದಕ್ಕೇ ಅನುಭವಸ್ಥರು ಶುಕ್ರವಾರ ಮಧ್ಯಾಹ್ನವೇ ಡಬ್ಲ್ಯುಜಿಯ ಅಡುಗೆಮನೆಯಲ್ಲಿ ಊರಿಂದ ಬಂದ ಪುಳಿಯೋಗರೆ ಗೊಜ್ಜು ಕಲಸಿಕೊಂಡು ಹೊರಡುತ್ತಾರೆ. ಎರಡು ಹೊತ್ತಿನ ಊಟದ ದುಡ್ಡು ಉಳಿಯುತ್ತದೆ.

ಟ್ರಾಮ್, ಮೆಟ್ರೊಗಳಿಗೆ ಕಾಗದದ ಟಿಕೆಟ್ ಕೊಂಡರೆ ಸಾಲದು, ಹಳದಿ ಪೆಟ್ಟಿಗೆಗೆ ತೂರಿಸಿ ಸಮಯದ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ, ದಂಡ ಖಚಿತ. ಹೊಸಬರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿ.

ಪ್ರಾಗ್‌ನ ಜನಸಂಖ್ಯೆ ಸುಮಾರು 14 ಲಕ್ಷ. ವರ್ಷಕ್ಕೆ ಬಂದು ತಂಗುವವರು ಸುಮಾರು 80 ಲಕ್ಷ. ಹಳೆಯ ಪೇಟೆಯ ಮನೆಗಳು ಪ್ರವಾಸಿಗರ ಬಾಡಿಗೆ ಕೋಣೆಗಳಾಗಿ ಸ್ಥಳೀಯರು ಹೊರವಲಯಕ್ಕೆ ಸರಿಯುತ್ತಿದ್ದಾರೆ. ಅಗ್ಗದ ಬಿಯರಿಗಾಗಿ ಗುಂಪುಗುಂಪಾಗಿ ಬಂದು ಬೀದಿಯಲ್ಲಿ ಕೂಗಾಡುವವರ ಕಾಟ ತಾಳದೆ ನಗರಾಡಳಿತ 2024ರಲ್ಲಿ, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಕಂಪನಿಗಳು ನಡೆಸುವ ಪಬ್ ಸುತ್ತಾಟವನ್ನು ನಿಷೇಧಿಸಿತು. ಅತ್ಯಗತ್ಯವಾಗಿತ್ತು. ಬೆನ್ನಿಗೊಂದು ಚೀಲ, ಅದರಲ್ಲಿ ಪುಳಿಯೋಗರೆ ಡಬ್ಬಿ ಇಟ್ಟುಕೊಂಡು ಬರುವ ವಿದ್ಯಾರ್ಥಿಗಳಿಂದ ಊರಿಗೆ ದೊಡ್ಡ ಆದಾಯವೇನೂ ಇಲ್ಲ, ಕಾಟವೂ ಕಡಿಮೆಯೇ.

ಭಾನುವಾರ ಸಂಜೆಯ ಬಸ್ಸಿಗೆ ಮುನ್ನ ಸಮಯ ಉಳಿದರೆ ಮುಖ್ಯ ರೈಲು ನಿಲ್ದಾಣದ ಒಂದನೇ ಪ್ಲಾಟ್‌ಫಾರ್ಮಿಗೆ ಹೋಗಬಹುದು. ಇಬ್ಬರು ಮಕ್ಕಳೊಂದಿಗೆ ನಿಂತ ನಿಕೊಲಸ್ ವಿಂಟನ್ ಪ್ರತಿಮೆ ಅಲ್ಲಿದೆ. 1939ರಲ್ಲಿ, ಹೆಚ್ಚಾಗಿ ಯೆಹೂದಿಗಳಾಗಿದ್ದ 669 ಮಕ್ಕಳನ್ನು ರೈಲಿನಲ್ಲಿ ಬ್ರಿಟನ್ನಿಗೆ ಕಳಿಸಲು ಓಡಾಡಿದ ಇಂಗ್ಲಿಷ್ ಷೇರು ದಲ್ಲಾಳಿ ಅವರು.

ಮರಳುವಾಗ ನೆನಪಿಡಬೇಕಾದ ಮಾತು ಒಂದೇ. ಷೆಂಗೆನ್ ಒಳಗೆ ಗಡಿಯಿಲ್ಲ ಎಂಬುದು ಈಗ ಪೂರ್ತಿ ನಿಜವಲ್ಲ. ಜರ್ಮನಿ 2023ರ ಅಕ್ಟೋಬರ್‌ನಿಂದ ಚೆಕ್ ಗಡಿಯಲ್ಲಿ ತಪಾಸಣೆ ಶುರುಮಾಡಿತು, 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲ ಭೂಗಡಿಗಳಿಗೂ ಅದನ್ನು ವಿಸ್ತರಿಸಿತು. ರಾತ್ರಿ ಹೊತ್ತಲ್ಲಿ ಬಸ್ಸು ನಿಲ್ಲಿಸಿ ಪೊಲೀಸರು ಸೀಟಿಂದ ಸೀಟಿಗೆ ಬರುತ್ತಾರೆ. ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಕಾರ್ಡು, ಎರಡರ ಮೂಲಪ್ರತಿಯೂ ಕೈಯಲ್ಲಿರಬೇಕು. ಮೊಬೈಲಿನಲ್ಲಿರುವ ಫೋಟೊವನ್ನು ನೆಚ್ಚಿಕೊಂಡು ಹೊರಡಬೇಡಿ.